ಹೂವಿನ ಬುಟ್ಟಿಯ ಕೆಳಗಿನ ಬೆನ್ನು

ಹೂವು ಬರೆಯೋದನ್ನ ಕಲೀತಿದೀನಿ ಅಂದಾಗ ಗೆಳೆಯನೊಬ್ಬ ನಕ್ಕ. 'ಬಸವಲಿಂಗಪ್ಪನೋರು ಬೂಸಾ ಅಂದದ್ದು 1973ರಲ್ಲಿ. ಐವತ್ತು ವರ್ಷ ದಾಟಿದ ಮೇಲೆ ನೀನು ಅದೇ ಬೂಸಾನ ಬಣ್ಣದಲ್ಲಿ ಬರೀತೀಯಾ?' ಅಂದ. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಕೇರಿಯಲ್ಲಿ ಹುಟ್ಟಿ, ಮನೆಗೆ ಮೊದಲ ಡಿಗ್ರಿ ತಂದು, ನಾಲ್ಕು ಪದ್ಯ ಬರೆದು, ನಾಲ್ಕು ಸಭೆಯಲ್ಲಿ ಓದಿದವನು ಕ್ಯಾನ್ವಾಸಿನ ಮುಂದೆ ಹೂವು ಬರೆಯೋಕೆ ಕೂತರೆ ನಗಬೇಕಾದ್ದೇ. ಅವನ ಮಾತಿನಲ್ಲಿ ನಿಜ ಇತ್ತು. ಒಂದು ತಪ್ಪೂ ಇತ್ತು. ನಿಜ ಎಷ್ಟು, ತಪ್ಪು ಎಷ್ಟು ಅಂತ ಬಿಡಿಸಿ ನೋಡೋದಕ್ಕೇ ಈ ಬರಹ.

ವಿರೂಪಾಕ್ಷಿಪುರದಿಂದ ಚನ್ನಪಟ್ಟಣಕ್ಕೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಆರು ಭಾನುವಾರ ಹೀಗೆ ಹೋಗಿಬಂದೆ. ಕ್ಲಾಸಿನ ಹೆಸರು ಬೇಡ, ಮೇಡಂ ಹೆಸರೂ ಬೇಡ. ನನ್ನ ಜಗಳ ಒಬ್ಬರ ಮೇಲಲ್ಲ, ಆ ಪಾಠದ ಮೇಲೆ. ಅದೇ ಪಾಠ ಎಲ್ಲ ಊರಲ್ಲೂ ನಡೀತಿದೆ, ಪುಸ್ತಕದಲ್ಲೂ ಅದೇ ಇದೆ, ಮೊಬೈಲಿನಲ್ಲೂ ಅದೇ ಇದೆ.

ಮೊದಲು ಕಲಿತದ್ದಕ್ಕೆ ಋಣ ಸಲ್ಲಿಸಿಬಿಡ್ತೀನಿ. ಅಕ್ರಿಲಿಕ್ ಅಂದರೆ ಬಣ್ಣದ ಪುಡಿಯನ್ನ ಒಂದು ಬಗೆಯ ಪ್ಲಾಸ್ಟಿಕ್ಕಿನ ಹಾಲಿನಲ್ಲಿ ಕಲಸಿದ್ದು. ಹಸಿಯಾಗಿರೋವಾಗ ನೀರಲ್ಲಿ ಕರಗುತ್ತೆ. ನೀರು ಆರಿಹೋದ ಮೇಲೆ ಆ ಹಾಲಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗ್ತವೆ. ಆಮೇಲೆ ಎಷ್ಟು ನೀರು ಸುರಿದರೂ ಬಿಡೋದಿಲ್ಲ. ಎಣ್ಣೆಬಣ್ಣ ಒಣಗೋಕೆ ದಿನಗಟ್ಟಲೆ ಬೇಕು, ಇದು ನಿಮಿಷಗಳಲ್ಲಿ ಒಣಗುತ್ತೆ. ಹಾಗಾಗಿ ಕೂಲಿ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಕೂರೋನಿಗೆ ಇದೇ ಸರಿಯಾದ ಬಣ್ಣ. ಕುಂಚವನ್ನ ಮಾತ್ರ ಕೂಡಲೇ ತೊಳೀಬೇಕು. ಮರೆತರೆ ಅದು ಕಡ್ಡಿಯಾಗುತ್ತೆ. ಹಸಿಯಾಗಿದ್ದಾಗ ತಿಳಿಯಾಗಿ ಕಾಣೋ ಬಣ್ಣ ಒಣಗಿದ ಮೇಲೆ ಒಂದು ಪಟ್ಟು ಕಪ್ಪಾಗುತ್ತೆ. ಹಳದಿ ಬಣ್ಣ ಅಡಿಯಲ್ಲಿರೋದನ್ನ ಮುಚ್ಚೋದಿಲ್ಲ, ಆದ್ದರಿಂದ ಮೊದಲು ಬಿಳಿ ಹಚ್ಚಿ ಆಮೇಲೆ ಹಳದಿ ಹಚ್ಚಬೇಕು. ಇಷ್ಟನ್ನೂ ಅವರು ಪ್ರೀತಿಯಿಂದಲೇ ಹೇಳಿಕೊಟ್ಟರು.

ಆದರೆ ಯಾವ ಹೂವು? ಮೊದಲ ವಾರ ಗುಲಾಬಿ. ಎರಡನೇ ವಾರ ಲಿಲ್ಲಿ. ಮೂರನೇ ವಾರ ಸೂರ್ಯಕಾಂತಿ. ಆಮೇಲೆ ಇವೆಲ್ಲ ಸೇರಿ ಒಂದು ಹೂದಾನಿ. ಹಿಂದೆ ಏನಿರಬೇಕು? ಏನೂ ಇರಬಾರದು. 'ಹಿನ್ನೆಲೆ ಮಸುಕು ಮಾಡಿ, ಹೂವು ಎದ್ದು ಕಾಣುತ್ತೆ' ಅಂದರು. ಮಸುಕು ಮಾಡಿದೆವು. ಮಣ್ಣು ಹೋಯ್ತು. ಗಿಡ ಹೋಯ್ತು. ತಿಂಗಳು ಯಾವುದು, ಹೊತ್ತು ಯಾವುದು, ಎಲ್ಲ ಹೋಯ್ತು. ಅದನ್ನ ಕಿತ್ತ ಕೈಯಂತೂ ಮೊದಲೇ ಇರಲಿಲ್ಲ. ಆಕಾಶದಿಂದ ಉದುರಿದಂಗೆ ಹೂವೊಂದು ಬಟ್ಟೆ ಮೇಲೆ ನಿಂತಿತ್ತು. ನೋಡೋಕೆ ಚೆಂದವಾಗಿತ್ತು, ಸುಳ್ಳಾಗಿತ್ತು.

ನಾಲ್ಕನೇ ವಾರ ನಾನು ಕೇಳಿದೆ: 'ಮೇಡಂ, ಚೆಂಡುಹೂವು ಬರೀಲಾ?' ಅವರು ಸಿಟ್ಟಾಗಲಿಲ್ಲ. ನಗುತ್ತಲೇ 'ಅದು ತೋರಣದ ಹೂವಪ್ಪ, ಕ್ಯಾನ್ವಾಸಿಗೆ ಹೊಂದೋದಿಲ್ಲ' ಅಂದರು.

ಗೆಳೆಯರೆ, ಆ ಮಾತು ನನಗೆ ಹೊಸದಲ್ಲ. ಇದನ್ನ ನಾವು ಬೇರೆ ಬೇರೆ ಕಡೆ ಕೇಳಿದೀವಿ. ನಿಮ್ಮ ಭಾಷೆ ಕಾವ್ಯಕ್ಕೆ ಹೊಂದೋದಿಲ್ಲ ಅಂದಿದಾರೆ. ನಿಮ್ಮ ತಮಟೆ ಸಭೆಗೆ ಹೊಂದೋದಿಲ್ಲ ಅಂದಿದಾರೆ. ಮನುಷ್ಯರಲ್ಲಿ ಮಾಡಿದ ಮೇಲು ಕೀಳನ್ನ ಹೂವಿಗೂ ಹಚ್ಚಿದಾರೆ. ಗುಲಾಬಿ ಹೂದಾನಿಗೆ, ಕಮಲ ದೇವರ ಪಾದಕ್ಕೆ, ಮಲ್ಲಿಗೆ ಮುಡಿಗೆ, ಚೆಂಡುಹೂವು ಬಾಗಿಲಿಗೆ ಮತ್ತು ಹೆಣಕ್ಕೆ. ತುಂಬೆ, ಎಕ್ಕ, ತಂಗಡಿ ಊರಾಚೆಗೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಚೆಲ್ಲಿ ನಿಲ್ಲೋ ಹುಚ್ಚೆಳ್ಳಿನ ಹೂವು, ಚಳಿಗಾಲದ ಸೊಗಡಿನ ಅವರೆಯ ಹೂವು, ಇವು ಹೂವಿನ ಲೆಕ್ಕಕ್ಕೇ ಇಲ್ಲ. ಯಾಕಂದ್ರೆ ಇವು ಹೊಟ್ಟೆಗಾಗೋ ಹೂವು. ಹೊಟ್ಟೆಗಾಗೋದು ಸೌಂದರ್ಯ ಅಲ್ಲ ಅಂತ ಯಾರೋ ಹೊಟ್ಟೆ ತುಂಬಿದವರು ಎಂದೋ ತೀರ್ಮಾನ ಮಾಡಿಬಿಟ್ಟಿದಾರೆ.

ನಾನು ಮನೆಗೆ ಬಂದು ಚೆಂಡುಹೂವನ್ನೇ ಬರೆದೆ. ಅಷ್ಟು ಸುಲಭ ಅಲ್ಲ ಅದು. ಗುಲಾಬಿಗೆ ಎಣಿಸಿದಷ್ಟು ದಳ. ಚೆಂಡುಹೂವು ಒಂದು ಹೂವೇ ಅಲ್ಲ, ನೂರಾರು ಪುಟ್ಟ ಹೂಗಳ ಸಂಘ. ಒಂದೊಂದನ್ನೂ ಬರೆದರೆ ಹೂವು ಕಾಣೋದಿಲ್ಲ, ಒಟ್ಟಿಗೆ ಬಳಿದರೆ ಕಿತ್ತಳೆ ಹಣ್ಣಾಗುತ್ತೆ. ಅಡಿಯಲ್ಲಿ ಬಿಳಿ, ಮೇಲೆ ಹಳದಿ, ಅದರ ಮೇಲೆ ಕಿತ್ತಳೆ ಬಣ್ಣ ಹಚ್ಚಿ, ಸಂದಿಗಳಲ್ಲಿ ಸುಟ್ಟ ಕಾವಿಯ ನೆರಳು ಕೊಡಬೇಕು. ನೆರಳಿಗೆ ಅಂತ ಹಳದಿಗೆ ಕಪ್ಪು ಬೆರೆಸಿದೆ. ಅದು ಕೊಳೆತ ಎಲೆಯಂಥ ಹಸಿರಾಯ್ತು. ಮೂರು ಸಲ ಬಳಿದು ಮೂರು ಸಲ ಬಿಳಿ ಮುಚ್ಚಿದೆ. ನಾಲ್ಕನೇ ಸಲ ಬಂತು.

ಅವ್ವನಿಗೆ ತೋರಿಸಿದೆ. ಅವ್ವ ಬೇರೆಯವರ ತೋಟದಲ್ಲಿ ಹೂವು ಕಿತ್ತು ಬದುಕಿದೋಳು. ತುಂಬಾ ಹೊತ್ತು ನೋಡಿದಳು. 'ಚೆಂದಾಗದೆ' ಅನ್ನಲಿಲ್ಲ. 'ಇದು ಎಷ್ಟೊತ್ತಿಗೆ ಕಿತ್ತ ಹೂವು?' ಅಂದಳು. ನಾನು ಬಾಯಿ ಬಿಟ್ಟುಕೊಂಡು ನಿಂತೆ. 'ಬೆಳಗ್ಗೆ ಇಬ್ಬನಿ ಆರೋಕೆ ಮುಂಚೆ ಕಿತ್ತರೆ ಬುಡ ತಣ್ಣಗಿರ್ತದೆ, ದಳ ಬಿಗೀತದೆ. ಇದು ಮಧ್ಯಾಹ್ನದ ಹೂವು, ಮಾರ್ಕೆಟ್ಟಿಗೆ ಆಗಾಕಿಲ್ಲ' ಅಂದಳು. ಆಮೇಲೆ ಚಿತ್ರದ ಕೆಳಗೆ ನಾನು ಬರೆದಿದ್ದ ಉದ್ದನೆ ತೊಟ್ಟಿನ ಮೇಲೆ ಬೆರಳಿಟ್ಟಳು. 'ಚೆಂಡುಹೂವ ಇಷ್ಟುದ್ದ ತೊಟ್ಟಲ್ಲಿ ಯಾರ್ಲಾ ಕೀಳ್ತಾರೆ? ಉಗುರಲ್ಲಿ ಹಿಂಗೆ ಚಿವುಟ್ತಾರೆ.' ಹೆಬ್ಬೆರಳು ತೋರಿಸಿದಳು. ಉಗುರಿನ ಸಂದಿ ಕಪ್ಪಗಿತ್ತು. ಎಷ್ಟು ಉಜ್ಜಿದರೂ ಹೋಗದ ಕಪ್ಪು.

ನಾನು ಕಾಲೇಜಿನಲ್ಲಿ ವಿಮರ್ಶೆ ಓದಿದೀನಿ. ಧ್ವನಿ, ರಸ, ಪ್ರತಿಮೆ, ಅನುಭವದ ಸಾಚಾತನ ಅಂತೆಲ್ಲ ಪರೀಕ್ಷೆಗೆ ಬರೆದಿದೀನಿ. ಅವ್ವನ ಎರಡು ಮಾತಿನಷ್ಟು ನಿಖರವಾದ ವಿಮರ್ಶೆ ಅಲ್ಲೆಲ್ಲೂ ನನಗೆ ಸಿಗಲಿಲ್ಲ. ಮೇಡಂ ನನ್ನ ಹೂವಿನ ಬೆಳಕು ಎತ್ತಲಿಂದ ಬರ್ತಿದೆ ಅಂತ ಕೇಳ್ತಿದ್ದರು. ಅವ್ವ ಆ ಹೂವಿನ ಹೊತ್ತು ಯಾವುದು, ಅದರ ಕೈ ಎಲ್ಲಿ ಅಂತ ಕೇಳಿದಳು. ಎರಡೂ ಸರಿಯಾದ ಪ್ರಶ್ನೆಯೇ. ಮೊದಲನೆಯದನ್ನ ಕಲಿಸೋಕೆ ಕ್ಲಾಸಿದೆ, ಪುಸ್ತಕ ಇದೆ, ಫೀಸಿದೆ. ಎರಡನೆಯದನ್ನ ಕಲಿಸೋಕೆ ಯಾರೂ ಇಲ್ಲ. ಆ ಪ್ರಶ್ನೆ ಗೊತ್ತಿರೋರನ್ನ ಯಾರೂ ಚಿತ್ರದ ಮುಂದೆ ನಿಲ್ಲಿಸೋದಿಲ್ಲ.

ಇನ್ನೊಂದು ಮಾತೂ ಹೇಳಬೇಕು. ಅವ್ವ ಕಿತ್ತ ಹೂವಿನಲ್ಲಿ ಒಂದು ಪಾಲು ಒಂದು ಗುಡಿಗೆ ಹೋಗ್ತಿತ್ತು. ಊರ ಹೆಸರು, ದೇವರ ಹೆಸರು ಬೇಡ. ಹೂವು ಒಳಗೆ ಹೋಗ್ತಿತ್ತು, ಅವ್ವ ಬುಟ್ಟಿ ಇಟ್ಟು ಹೊರಗೆ ನಿಲ್ಲೋಳು. ನೀರು ಚಿಮುಕಿಸಿಬಿಟ್ಟರೆ ಹೂವಿನ ಮೈಲಿಗೆ ಕಳೀತಿತ್ತು. ಕೈಯ ಮೈಲಿಗೆ ಕಳೆಯೋವಷ್ಟು ನೀರು ಮಾತ್ರ ಯಾವ ಕೆರೆಯಲ್ಲೂ ಇರಲಿಲ್ಲ. 1930ರ ಮಾರ್ಚಿನಲ್ಲಿ ನಾಸಿಕದ ಕಾಳಾರಾಮನ ಬಾಗಿಲಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಶುರುಮಾಡಿದರು. ಆಗಲೂ ಹೂವಿಗೆ ಯಾರ ತಡೆಯೂ ಇರಲಿಲ್ಲ, ಮನುಷ್ಯರಿಗಿತ್ತು. 1950ರಲ್ಲಿ ಸಂವಿಧಾನ ಬಂತು, ಅಸ್ಪೃಶ್ಯತೆ ಅಪರಾಧ ಅಂತಾಯ್ತು. ಆದರೆ ಹೂವನ್ನ ಕೈಯಿಂದ ಬಿಡಿಸಿ ನೋಡೋ ಕಣ್ಣು ಹಾಗೇ ಉಳೀತು. ಹಿನ್ನೆಲೆ ಮಸುಕು ಮಾಡಿ ಅನ್ನೋ ಪಾಠದಲ್ಲಿ ಅದೇ ಕಣ್ಣಿದೆ. ಮೇಡಂಗೆ ಅದು ಗೊತ್ತೂ ಇಲ್ಲ. ಗೊತ್ತಿಲ್ಲದೆ ನಡೆಯೋದೇ ಹೆಚ್ಚು ಗಟ್ಟಿ.

ಈಗ ನನ್ನ ಗೆಳೆಯನ ಕಡೆ ತಿರುಗ್ತೀನಿ. ಅವನು ಕೇಳಿದ್ದು, ಹೂವು ಬರೆಯೋದು ಬಂಡಾಯವಾ ಅಂತ. ನಾನು ಅವನನ್ನ ಕೇಳ್ತೀನಿ: ಏಪ್ರಿಲ್ 14ರಂದು ಬಾಬಾಸಾಹೇಬರ ಕೊರಳಿಗೆ ನಾವು ಹಾಕೋ ಹಾರ ಯಾವ ಹೂವಿನದು? ಚೆಂಡುಹೂವಿನದು. ಆವತ್ತು ನಮ್ಮ ಕೇರಿಯ ಹೆಂಗಸರು ಬೆಳಗಿನ ಜಾವ ಎದ್ದು ಕಟ್ಟೋ ಆ ಹಾರದಲ್ಲಿ ಪುರೋಹಿತರ ಕೆಲಸ ಇಲ್ಲ. ಹಾಗಾದ್ರೆ ಹೂವು ನಮ್ಮ ಶತ್ರು ಅಲ್ಲ. ನಮ್ಮ ಹೂವನ್ನ ನಮ್ಮಿಂದ ಕಿತ್ತುಕೊಂಡು, ತೊಳೆದು, ನಮಗೇ ಅದನ್ನ ಶುದ್ಧ ಸೌಂದರ್ಯ ಅಂತ ತೋರಿಸೋದಿದೆಯಲ್ಲ, ಅದು ಶತ್ರು.

ನಮ್ಮವರಲ್ಲಿ ಒಂದು ಭಯ ಇದೆ. ಚೆಂದದ್ದನ್ನ ಮುಟ್ಟಿದರೆ ಸಿಟ್ಟು ಆರಿಹೋಗುತ್ತೆ ಅನ್ನೋ ಭಯ. ಅದಕ್ಕೇ ನಮ್ಮ ಪೋಸ್ಟರುಗಳಲ್ಲಿ ಮುಷ್ಟಿ, ಪಂಜು, ಮುರಿದ ಸಂಕೋಲೆ ಬಿಟ್ಟು ಬೇರೇನೂ ಬರಲಿಲ್ಲ. ಅವು ಬೇಕಿತ್ತು, ಈಗಲೂ ಬೇಕು. ಆದರೆ ದೇವನೂರ ಮಹಾದೇವರ 'ಒಡಲಾಳ' ಬಂದದ್ದು 1978ರಲ್ಲಿ. ಹಸಿವು ಬಿಟ್ಟು ಬೇರೇನೂ ಇಲ್ಲದ ಆ ಮನೆಯ ಗೋಡೆ ಮೇಲೆ ಒಂದು ಹುಡುಗಿ ನವಿಲು ಬರೀತಾಳೆ. ಆ ನವಿಲು ಹಸಿವನ್ನ ಮುಚ್ಚೋದಿಲ್ಲ, ಮನುಷ್ಯರನ್ನ ತೋರಿಸುತ್ತೆ. ಉಣ್ಣೋಕಿಲ್ಲದೋರಿಗೆ ನವಿಲು ಯಾಕೆ ಅಂತ ಕೇಳೋನು ಅವರನ್ನ ಬರೀ ಹೊಟ್ಟೆ ಅಂತ ತಿಳಿದಿದಾನೆ. ಜಮೀನ್ದಾರ ಹಾಗೆ ತಿಳಿದರೆ ಅರ್ಥವಾಗುತ್ತೆ. ನಾವೇ ಹಾಗೆ ತಿಳಿದರೆ?

ನಮ್ಮ ನಾಡಲ್ಲಿ ಕುಂಚ ಯಾರ ಕೈಲಿತ್ತು ಅಂತಲೂ ನೋಡೋಣ. ಕೆ. ವೆಂಕಟಪ್ಪನವರು ದೊಡ್ಡ ಕಲಾವಿದರು, 1965ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಅವರು ಮೈಸೂರು ಅರಮನೆಗೆ ಚಿತ್ರ ಬರೀತಿದ್ದ ಮನೆತನದವರು, ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಹೂವಿನ ವಿಷಯಕ್ಕೆ ಬಂದರೆ ರುಮಾಲೆ ಚೆನ್ನಬಸವಯ್ಯನವರನ್ನ (1910-1988) ನೆನೀಲೇಬೇಕು. ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ಆಮೇಲೆ ಅದೆಲ್ಲ ಬಿಟ್ಟು ಬೆಂಗಳೂರಿನ ಬೀದಿಗಳಲ್ಲಿ, ಪಾರ್ಕುಗಳಲ್ಲಿ ಕೂತು ಹೂಬಿಟ್ಟ ಮರಗಳನ್ನ ಬರೆದರು. ಹೂದಾನಿ ಬಿಟ್ಟು ಬಿಸಿಲಿಗೆ ಬಂದ ಆ ದೊಡ್ಡ ಮನುಷ್ಯನಿಗೆ ನನ್ನ ನಮಸ್ಕಾರ. ಅವರ ಮರಗಳಿಗೆ ಹೊತ್ತಿದೆ, ಋತು ಇದೆ, ಗಾಳಿ ಇದೆ. ಆದರೆ ಗುಲ್‌ಮೊಹರಿನ ಕೆಂಪು ಬೆಳಗ್ಗೆ ರಸ್ತೆ ತುಂಬಾ ಬಿದ್ದಿರುತ್ತಲ್ಲ, ಅದನ್ನ ಗುಡಿಸೋಕೆ ಬರೋ ಪೌರಕಾರ್ಮಿಕ ಹೆಂಗಸು ಆ ಮರವನ್ನ ಹೇಗೆ ನೋಡ್ತಾಳೆ? ನಡೆಯೋರಿಗೆ ಅದು ಹಾಸು, ಅವಳಿಗೆ ಅದು ಭಾರ. ಆ ಕಣ್ಣಿನಿಂದ ಬರೆದ ಗುಲ್‌ಮೊಹರ್ ನಮಗಿನ್ನೂ ಬೇಕಾಗಿದೆ. ಇದು ರುಮಾಲೆಯವರ ಮೇಲಿನ ದೂರಲ್ಲ, ನಮಗೆ ಉಳಿದಿರೋ ಕೆಲಸ.

ಅಂಥ ಕೆಲಸ ಬೇರೆ ಕಡೆ ಆಗಿದೆ. ಮೆಕ್ಸಿಕೋದ ಡಿಯೆಗೋ ರಿವೇರಾ 1935ರಲ್ಲಿ ಒಂದು ಚಿತ್ರ ಬರೆದ. 'ಹೂವು ಹೊರುವವನು' ಅಂತ ಅದರ ಹೆಸರು. ಈಗ ಅದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮ್ಯೂಸಿಯಮ್ಮಿನಲ್ಲಿದೆ. ಒಬ್ಬ ಆಳು ಎರಡು ಕೈ ಎರಡು ಮಂಡಿ ಊರಿ ನೆಲದ ಮೇಲಿದಾನೆ. ಬೆನ್ನ ಮೇಲೆ ಅವನಿಗಿಂತ ದೊಡ್ಡ ಬುಟ್ಟಿ. ಅದನ್ನ ಕಟ್ಟಿದ ಬಟ್ಟೆ ಅವನ ಎದೆಗೆ ಬಿಗಿದಿದೆ. ಹಿಂದೆ ನಿಂತ ಹೆಂಗಸು ಬುಟ್ಟಿಗೆ ಕೈಕೊಟ್ಟು ಅವನು ಏಳೋಕೆ ನೆರವಾಗ್ತಿದಾಳೆ. ಬುಟ್ಟಿ ತುಂಬಾ ಹೂವು, ಕಣ್ಣು ತುಂಬೋಷ್ಟು ಚೆಂದದ ಹೂವು. ಆದರೆ ಆ ಚೆಂದ ನಮಗೆ ಮಾತ್ರ ಕಾಣ್ತಿದೆ. ಅವನ ಮುಖ ನೆಲದ ಕಡೆಗಿದೆ, ಅವನಿಗೆ ಅದು ತೂಕ. ರಿವೇರಾ ಹೂವನ್ನ ಕೊಳಕು ಮಾಡಲಿಲ್ಲ, ಸಣ್ಣದೂ ಮಾಡಲಿಲ್ಲ. ಅದರ ಕೆಳಗಿನ ಬೆನ್ನನ್ನೂ ಬರೆದ, ಅಷ್ಟೆ. ಆ ಚಿತ್ರದ ಪಡಿಯಚ್ಚು ನೋಡಿದ ರಾತ್ರಿ ನನಗೆ ಅವ್ವನ ಪ್ರಶ್ನೆಯ ಪೂರ್ತಿ ಅರ್ಥ ಆಯ್ತು.

ಇನ್ನೊಂದು ಸಂಗತಿ ಇದೆ. ಈ ಚೆಂಡುಹೂವು ನಮ್ಮ ಮೂಲದ್ದಲ್ಲ, ಮೆಕ್ಸಿಕೋ ಕಡೆಯದು. ಪೋರ್ಚುಗೀಸರು ಬಂದ ಮೇಲೆ ಈ ನೆಲಕ್ಕೆ ಬಂತು. ಅಲ್ಲಿನವರು ನವೆಂಬರ್ ಮೊದಲಲ್ಲಿ ಸತ್ತ ಹಿರಿಯರಿಗೆ ಇದೇ ಹೂವು ಇಡ್ತಾರೆ. ಹಾಗೇ ಅಕ್ರಿಲಿಕ್ಕಿನ ಕತೆಯಲ್ಲೂ ಆ ದೇಶದ ಬೆವರಿದೆ. ಮೆಕ್ಸಿಕೋದ ಗೋಡೆಚಿತ್ರಗಾರರಿಗೆ ಬಯಲ ಗೋಡೆ ಮೇಲೆ ಕೂಲಿಕಾರರ ಕಣ್ಣಿಗೆ ಬೀಳೋ ಹಾಗೆ ಬರೀಬೇಕಿತ್ತು. ಮಳೆ ಬಿಸಿಲಿಗೆ ನಿಲ್ಲೋ ಬಣ್ಣ ಬೇಕಿತ್ತು. ಅವರಲ್ಲೊಬ್ಬ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಕಾರಿಗೆ ಬಳಿಯೋ ಕಾರ್ಖಾನೆ ಬಣ್ಣವನ್ನ ಚಿತ್ರಕ್ಕೆ ತಂದು ಪ್ರಯೋಗ ಮಾಡಿದ. ನೀರಲ್ಲಿ ಕಲಸೋ ಅಕ್ರಿಲಿಕ್ 1950ರ ದಶಕದಲ್ಲಿ ಅಮೆರಿಕದ ಅಂಗಡಿಗೆ ಬಂತು, ಮೆಕ್ಸಿಕೋದಲ್ಲೂ ಅದೇ ಕಾಲಕ್ಕೆ ತಯಾರಾಯ್ತು. ಬಯಲ ಗೋಡೆಯ ಜನರ ಕನಸಿಗೆ ಹತ್ತಿರವಾಗಿದ್ದ ಬಣ್ಣ ಈಗ ಡ್ರಾಯಿಂಗ್ ರೂಮಿನ ಗುಲಾಬಿಗೆ ಬಂದು ನಿಂತಿದೆ. ಬಣ್ಣದ ತಪ್ಪೇನಿಲ್ಲ. ಅದು ಎತ್ತ ಎಳೆದರೆ ಅತ್ತ ಹೋಗುತ್ತೆ.

ಅಷ್ಟು ದೂರ ಯಾಕೆ, ನಮ್ಮ ಚನ್ನಪಟ್ಟಣವನ್ನೇ ನೋಡಿ. ಆಲೆಮರದ ತುಂಡು ಚರಕಿಗೆ ಹಾಕಿ ತಿರುಗಿಸ್ತಾರೆ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತುತ್ತೆ. ಕೇದಗೆ ಎಲೆಯಿಂದ ತಿಕ್ಕಿ ಹೊಳಪು ಕೊಡ್ತಾರೆ. ಅಕ್ರಿಲಿಕ್ ಕಾರ್ಖಾನೆಯ ಅಂಟು. ಅರಗು ಮುತ್ತುಗದಂಥ ಮರದ ಕೊಂಬೆ ಮೇಲೆ ಬದುಕೋ ಹುಳುವಿನ ಅಂಟು. ಟಿಪ್ಪುವಿನ ಕಾಲದಿಂದ ಬಂದ ಕಸುಬು ಅಂತ ಜನ ಹೇಳ್ತಾರೆ. 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಗೊಂಬೆಯ ಲಂಗದ ಮೇಲೆ, ಡಬ್ಬಿಯ ಮುಚ್ಚಳದ ಮೇಲೆ ಐದು ದಳದ ಪುಟ್ಟ ಹೂವು ಬರೀತಾರಲ್ಲ, ಆ ಕೈ ನೋಡಿದೀರಾ? ಒಂದು ದಳಕ್ಕೆ ಕುಂಚದ ಒಂದೇ ಒತ್ತು. ಐದು ಒತ್ತಿಗೆ ಹೂವು ಮುಗೀತು. ತಿದ್ದೋ ಹಾಗಿಲ್ಲ, ಯೋಚಿಸೋ ಹಾಗಿಲ್ಲ, ಮುಂದಿನ ಗೊಂಬೆ ಕಾದಿದೆ. ನನ್ನ ಆರು ಭಾನುವಾರದ ಕಲಿಕೆ ಆ ಒಂದು ಒತ್ತಿಗೆ ಸಮ ಇಲ್ಲ. ಆದರೆ ನಾನು ಮಾಡಿದರೆ ಕಲೆ, ಅವರು ಮಾಡಿದರೆ ಕಸುಬು. ನನ್ನ ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಇರುತ್ತೆ, ಗೊಂಬೆಯ ತಳದಲ್ಲಿ ಊರಿನ ಹೆಸರು ಮಾತ್ರ ಇರುತ್ತೆ. ಕಲೆ ಮತ್ತು ಕಸುಬಿನ ನಡುವೆ ಎಳೆದಿರೋ ಈ ಗೆರೆ ಕೌಶಲ ಅಳೆದು ಎಳೆದದ್ದಲ್ಲ. ಯಾರು ಕೂತು ನೋಡ್ತಾರೆ, ಯಾರು ಬಗ್ಗಿ ಮಾಡ್ತಾರೆ ಅಂತ ಅಳೆದು ಎಳೆದದ್ದು.

ಹಾಗಂತ ನಾನು ಆ ಕ್ಲಾಸು ಸುಟ್ಟುಹಾಕಿ ಅನ್ನೋದಿಲ್ಲ. ಬಿಳಿಯ ಮೇಲೆ ಹಳದಿ ನಿಲ್ಲುತ್ತೆ ಅನ್ನೋದು ಯಾರ ಸೊತ್ತೂ ಅಲ್ಲ. ವ್ಯಾಕರಣ ಕಲಿತೇ ನಾವು ಪದ್ಯ ಬರೆದದ್ದು, ಇದನ್ನೂ ಹಾಗೇ ಕಲಿಯೋಣ. ಈ ಪತ್ರಿಕೆ ಓದೋ ಹಳ್ಳಿಯ ಮೇಷ್ಟ್ರುಗಳಿಗೆ ನನ್ನದೊಂದು ಬೇಡಿಕೆ. ಕ್ಯಾನ್ವಾಸು ಕೊಳ್ಳೋಕೆ ಆಗೋದಿಲ್ಲ ಅಂತ ಬಿಡಬೇಡಿ. ಹಳೇ ಪಂಚೆಯ ಗಟ್ಟಿ ಭಾಗವನ್ನ ಹಲಗೆಗೆ ಬಿಗಿದು, ಅಕ್ರಿಲಿಕ್ಕಿನ ಬಿಳಿ ಎರಡು ಪದರ ಹಚ್ಚಿ ಒಣಗಿಸಿ, ಅದೇ ಕ್ಯಾನ್ವಾಸು. ಕೆಂಪು, ಹಳದಿ, ನೀಲಿ, ಬಿಳಿ, ಸುಟ್ಟ ಕಾವಿ, ಐದು ಬಣ್ಣ ಸಾಕು. ಮಕ್ಕಳಿಗೆ 'ಹೂವು ಬರೀರಿ' ಅನ್ನಬೇಡಿ. ಅಂದರೆ ಎಲ್ಲರೂ ಪುಸ್ತಕದ ಗುಲಾಬಿಯನ್ನೇ ಬರೀತಾರೆ. 'ನಿಮ್ಮ ಮನೇಲಿ ಹೂವು ಯಾರು ಕೀಳ್ತಾರೆ, ಯಾರು ಕಟ್ತಾರೆ, ಯಾರು ಮುಡೀತಾರೆ, ಅವರ ಕೈ ಬರೀರಿ' ಅನ್ನಿ.

ಆಗ ಒಂದು ಕಷ್ಟ ಬರುತ್ತೆ, ಮೊದಲೇ ಹೇಳಿರ್ತೀನಿ. ಮಕ್ಕಳು ಬಣ್ಣದ ಡಬ್ಬಿಯಲ್ಲಿ 'ಸ್ಕಿನ್ ಕಲರ್' ಹುಡುಕ್ತಾರೆ. ಅದು ತಿಳಿ ಗುಲಾಬಿ ಬಣ್ಣ. ನಮ್ಮ ಕೇರಿಯಲ್ಲಿ ಯಾರ ಚರ್ಮವೂ ಆ ಬಣ್ಣದ್ದಲ್ಲ, ಊರಲ್ಲೂ ಅಲ್ಲ. ಆದರೂ ಎಷ್ಟೋ ವರ್ಷ ನಮ್ಮ ಮಕ್ಕಳು ತಮ್ಮ ತಾಯಂದಿರಿಗೆ ಅದೇ ಬಣ್ಣ ಬಳಿದಿದಾರೆ. ನಾನೂ ಬಳಿದಿದೀನಿ. ಆ ಕಡ್ಡಿಯನ್ನ ಡಬ್ಬಿಯಿಂದ ತೆಗೆದಿಡಿ. ಬೆರೆಸೋಕೆ ಕಲಿಸಿ.

ನಾನೀಗ ಬರೀತಿರೋದು ಅವ್ವನ ಹೆಬ್ಬೆರಳು ಮತ್ತು ಒಂದು ಚೆಂಡುಹೂವು. ಹೂವು ಮುಗಿದಿದೆ. ಈ ಸಲ ಬೆಳಗಿನ ಹೂವು. ತೊಟ್ಟಿಲ್ಲ, ಚಿವುಟಿದ ಗುರುತಿದೆ. ಹೂವಿಗೆ ಕಪ್ಪು ಸೇರಿಸಿ ಕೆಡಿಸಿಕೊಂಡಿದ್ದೆನಲ್ಲ, ಬೆರಳಿಗೆ ಕಾವಿಯ ಜೊತೆ ಕಡುನೀಲಿ ಬೆರೆಸಿದರೆ ಬೇಕಾದ ಕಪ್ಪು ಹತ್ತಿರ ಬರುತ್ತೆ ಅಂತ ಈಗ ಗೊತ್ತಾಗಿದೆ. ಉಗುರಿನ ಸಂದಿಯ ಬಣ್ಣ ಇನ್ನೂ ಸಿಕ್ಕಿಲ್ಲ. ಅದರಲ್ಲಿ ಹಸಿರಿದೆ, ಮಣ್ಣಿದೆ, ಕೂಲಿ ಕೊಡದೆ ಕಳಿಸಿದ ದಿನಗಳಿವೆ. ಒಣಗಿದ ಮೇಲೆ ಬಣ್ಣ ಒಂದು ಪಟ್ಟು ಕಪ್ಪಾಗುತ್ತಲ್ಲ, ಅದನ್ನೂ ಲೆಕ್ಕ ಹಾಕಿ ಬೆರೆಸಬೇಕು. ರಾತ್ರಿ ಅವ್ವ ಪಕ್ಕದಲ್ಲಿ ಕೂತು ನೋಡ್ತಾಳೆ. 'ಇನ್ನೂ ಅಲ್ಲ' ಅಂತಾಳೆ. ನಾನು ಮತ್ತೆ ಬೆರೆಸ್ತೀನಿ.